ಅಂಗೈಯಗಲದ ಟ್ರಾಕ್ಟರು

೧೯೫೮ನೆಯ ಇಸವಿ ಜನವರಿ ೪ರಂದು ಮೂರು ವಾಹನಗಳು ದಕ್ಷಿಣ ಧ್ರುವವನ್ನು ಮುಟ್ಟಿದುವು. ಅದಕ್ಕೆ ಐದು ವರ್ಷಗಳ ಹಿಂದೆ ತೇನ್‌ಸಿಂಗ್ ನೋರ್ಗೆಯೊಡನೆ ಎವರೆಸ್ಟ್ ಶಿಖರವನ್ನೇರಿದ ಎಡ್ಮಂಡ್ ಹಿಲರಿಯೇ ಆ ತಂಡದ ಮುಂದಾಳು. ಆ ವಾಹನಗಳು ಯಾವುವು? ಸೈನ್ಯದ ಟ್ಯಾಂಕುಗಳಲ್ಲ, ಹಿಮದ ಮೇಲೆ ಓಡಲೆಂದೇ ಹೊಸದಾಗಿ ರೂಪಿಸಿದ ಯಂತ್ರಗಳೂ ಅಲ್ಲ. ಇಂಗ್ಲೆಂಡಿನ ಸಣ್ಣ ಹಿಡುವಳಿಯ ರೈತನು ಹೊಲ ಉಳಲು ಇಟ್ಟುಕೊಂಡಿದ್ದ ಫರ್ಗುಸನ್ ಟ್ರಾಕ್ಟರುಗಳು ಅವು. ಹೊರಟದ್ದು ಮುಂದೆ ಬರುವವರಿಗಾಗಿ ದಾರಿಯುದ್ದಕ್ಕೂ ಉಗ್ರಾಣಗಳನ್ನು ಕಟ್ಟಿಡುವ ಕೆಲಸಕ್ಕೆ. ತಲುಪಿದ್ದು ಭೂಮಿಯ ತುತ್ತತುದಿಯನ್ನು.

ಆದರೆ ಅವು ಕಾರ್ಖಾನೆಯಿಂದ ಬಂದ ರೂಪದಲ್ಲಿ ಅಲ್ಲಿಗೆ ಹೋದುವಲ್ಲ. ಮುಂದಿನ ಚಿಕ್ಕ ಗಾಲಿಗೂ ಹಿಂದಿನ ದೊಡ್ಡ ಗಾಲಿಗೂ ನಡುವೆ ಇನ್ನೊಂದು ಗಾಲಿಯನ್ನು ಸೇರಿಸಿ, ಮೂರನ್ನೂ ಬಳಸಿಕೊಂಡು ಸರಪಳಿಯಂಥ ಪಟ್ಟಿಯನ್ನು ಸುತ್ತಿದ್ದರು. ಚಾಲಕನಿಗೆ ಗಾಳಿ ತಗಲದಿರಲೆಂದು ಕ್ಯಾನ್ವಾಸ್ ಬಟ್ಟೆಯ ಗೂಡನ್ನು ಕಟ್ಟಿದ್ದರು. ಬೂದು ಬಣ್ಣದ ಮೈಗೆ, ಬಿಳಿಯ ಹಿಮದಲ್ಲಿ ದೂರದಿಂದ ಕಾಣುವಂತೆ, ಕೆಂಪು ಬಣ್ಣವನ್ನು ಬಳಿದಿದ್ದರು. ಹೀಗೆ ಮಾರ್ಪಟ್ಟ ಟ್ರಾಕ್ಟರೇ ಧ್ರುವಕ್ಕೆ ಹೋದದ್ದು. ಇಂಥ ಮಾರ್ಪಾಟುಗಳನ್ನು ಅಂಗೈಯಗಲದ ಮಾದರಿಗಳಲ್ಲಿ ಮತ್ತೆ ಮಾಡಿ ನೋಡುವ ಹವ್ಯಾಸವೊಂದು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಬಹುಕಾಲದಿಂದ ಬೆಳೆದು ಬಂದಿದೆ. ಹಗಲು ಕಚೇರಿಯಲ್ಲಿಯೋ ಹೊಲದಲ್ಲಿಯೋ ದುಡಿದು ಬಂದವರು ರಾತ್ರಿ ದೀಪದ ಕೆಳಗೆ ಕುಳಿತು, ಸಣ್ಣ ಗರಗಸ, ಅರ, ಚಿಮಟ ಹಿಡಿದು, ಅಂಗಡಿಯಿಂದ ತಂದ ಹೊಚ್ಚಹೊಸ ಆಟಿಕೆಯ ಟ್ರಾಕ್ಟರನ್ನು ಎರಡು ತುಂಡು ಮಾಡುತ್ತಾರೆ. ನೋಡುವವರಿಗೆ ಹುಚ್ಚೆಂದು ತೋರುತ್ತದೆ. ಆದರೆ ಈ ಹುಚ್ಚಿನಲ್ಲಿ ಒಂದು ಲೆಕ್ಕವಿದೆ, ಒಂದು ಚರಿತ್ರೆಯಿದೆ, ಒಂದು ಋಣಸಂದಾಯವೂ ಇದೆ.

ಮೊದಲು ಲೆಕ್ಕವನ್ನು ನೋಡೋಣ. ಮಾದರಿಗೆ ಜೀವ ಬರುವುದು ಪ್ರಮಾಣದಿಂದ. ಇಂಗ್ಲೆಂಡಿನಲ್ಲಿಯೂ ಯೂರೋಪಿನಲ್ಲಿಯೂ ಬಹಳವಾಗಿ ಬಳಕೆಯಲ್ಲಿರುವ ಪ್ರಮಾಣ ಮೂವತ್ತೆರಡರಲ್ಲಿ ಒಂದು. ಅಂದರೆ ಹೊಲದಲ್ಲಿನ ಮೂವತ್ತೆರಡು ಅಂಗುಲ ಮೇಜಿನ ಮೇಲೆ ಒಂದು ಅಂಗುಲ. ಅಮೆರಿಕದವರಿಗೆ ಹದಿನಾರರಲ್ಲಿ ಒಂದು ಹೆಚ್ಚು ಪ್ರಿಯ. ಸ್ಥಳ ಸಾಲದವರು ಅರವತ್ತನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ. ಸುಮಾರು ೨೯೨ ಸೆಂಟಿಮೀಟರ್ ಉದ್ದದ ಫರ್ಗುಸನ್ ಟ್ರಾಕ್ಟರು ಮೊದಲ ಪ್ರಮಾಣದಲ್ಲಿ ಒಂಬತ್ತು ಸೆಂಟಿಮೀಟರಿಗೆ ಇಳಿಯುತ್ತದೆ, ಎರಡನೆಯದರಲ್ಲಿ ಹದಿನೆಂಟು, ಮೂರನೆಯದರಲ್ಲಿ ನಾಲ್ಕೂವರೆ. ಐದೂವರೆ ಅಡಿಯ ರೈತನು ಮೂವತ್ತೆರಡರ ಲೋಕದಲ್ಲಿ ಎರಡು ಅಂಗುಲಕ್ಕಿಂತ ತುಸು ಎತ್ತರದ ಪುರುಷ.

ಇಷ್ಟೇ ಆದರೆ ಶಾಲೆಯ ಹುಡುಗನೂ ಲೆಕ್ಕ ಹಾಕಿಯಾನು. ತೊಡಕು ಬರುವುದು ಮುಂದೆ. ಅರ ಹಿಡಿದ ಕೈ ಒಂದು ಮಿಲಿಮೀಟರ್ ತಪ್ಪಿದರೆ ಹೊಲದ ಲೆಕ್ಕದಲ್ಲಿ ಮೂರು ಸೆಂಟಿಮೀಟರಿಗೂ ಮಿಕ್ಕ ತಪ್ಪು. ಮಡ್‌ಗಾರ್ಡಿನ ತಗಡು ನಿಜವಾದ ಟ್ರಾಕ್ಟರಿನಲ್ಲಿ ಒಂದೂವರೆ ಮಿಲಿಮೀಟರ್ ದಪ್ಪವಿದ್ದರೆ ಮಾದರಿಯಲ್ಲಿ ಅದು ಬರೆಯುವ ಕಾಗದಕ್ಕಿಂತ ತೆಳುವಾಗಬೇಕು. ಎರಕದ ಕೆಲಸದಲ್ಲಿ ಅದು ಆಗದ ಮಾತು. ಆದುದರಿಂದ ಚತುರನಾದ ಹವ್ಯಾಸಿಯು ತಗಡಿನ ಅಂಚನ್ನು ಮಾತ್ರ ಒಳಗಡೆಯಿಂದ ಅರದಿಂದ ಸವೆಸಿ ತೆಳುಮಾಡುತ್ತಾನೆ. ಕಣ್ಣು ಅಂಚನ್ನು ಕಂಡು ಇಡೀ ತಗಡನ್ನೇ ತೆಳುವೆಂದು ನಂಬುತ್ತದೆ. ತೂಕದ ಸಂಗತಿ ಇನ್ನೂ ವಿನೋದವಾದುದು. ಉದ್ದ, ಅಗಲ, ಎತ್ತರ ಮೂರೂ ಮೂವತ್ತೆರಡು ಪಟ್ಟು ಕುಗ್ಗಿದಾಗ ತೂಕವು ಮೂವತ್ತೆರಡನ್ನು ಮೂರು ಬಾರಿ ಗುಣಿಸಿದಷ್ಟು, ಎಂದರೆ ೩೨,೭೬೮ ಪಟ್ಟು ಕುಗ್ಗಬೇಕು. ಸಾವಿರದ ನೂರು ಕಿಲೋಗ್ರಾಮಿಗೆ ತುಸು ಮೇಲ್ಪಟ್ಟ ತೂಕದ ಟ್ರಾಕ್ಟರಿನ ಮಾದರಿಯು ನ್ಯಾಯವಾಗಿ ಮೂವತ್ತೈದು ಗ್ರಾಮಿನ ಸುತ್ತಮುತ್ತ ತೂಗಬೇಕು. ಲೋಹದ ಆಟಿಕೆ ಅದಕ್ಕಿಂತ ಎಷ್ಟೋ ಭಾರ. ಆದರೂ ಕೈಯಲ್ಲಿ ಹಿಡಿದವನಿಗೆ ಆ ಭಾರವೇ ಹಿತ. ಹಗುರವಾದ ಟ್ರಾಕ್ಟರನ್ನು ಯಾರ ಮನಸ್ಸೂ ಟ್ರಾಕ್ಟರೆಂದು ಒಪ್ಪದು.

ಇನ್ನು ಚರಿತ್ರೆ. ಇಂಗ್ಲೆಂಡಿನಲ್ಲಿ ಈ ಕಥೆ ತೊಡಗುವುದು ವಿಚಿತ್ರವಾಗಿ, ಯುದ್ಧದಿಂದ. ಬ್ರಿಟನ್ಸ್ ಎಂಬ ಮನೆತನದ ಸಂಸ್ಥೆಯು ೧೮೯೩ರಲ್ಲಿ ಒಳಗೆ ಟೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯುವ ಯುಕ್ತಿಯನ್ನು ಕಂಡುಕೊಂಡು ಹೆಸರಾಯಿತು. ಮೊದಲ ಮಹಾಯುದ್ಧ ಮುಗಿಯಿತು. ಮಕ್ಕಳನ್ನು ರಣರಂಗದಲ್ಲಿ ಕಳೆದುಕೊಂಡ ಮನೆಗಳಲ್ಲಿ ಸಿಪಾಯಿ ಗೊಂಬೆಗಳನ್ನು ಕೊಳ್ಳುವ ಮನಸ್ಸು ಕುಂದಿತು. ಆಗ, ೧೯೨೦ರ ದಶಕದ ಆರಂಭದಲ್ಲಿ, ಆ ಸಂಸ್ಥೆಯು ಅದೇ ಸೀಸದಿಂದ ಹಸು, ಕುರಿ, ಹಂದಿ, ಹಾಲು ಕರೆಯುವವಳು, ಬೇಲಿ, ಬಂಡಿ ಇವುಗಳನ್ನು ಎರಕ ಹೊಯ್ದು ಪುಟ್ಟದೊಂದು ಬೇಸಾಯದ ಸಂಸಾರವನ್ನೇ ಅಂಗಡಿಗೆ ತಂದಿತು. ೧೯೪೮ರಲ್ಲಿ ಆ ಸಂಸಾರಕ್ಕೆ ಫೋರ್ಡ್‌ಸನ್ ಮೇಜರ್ ಟ್ರಾಕ್ಟರು ಬಂದು ಸೇರಿತು. ಸಿಪಾಯಿಗಳ ಅಳತೆಗೆ ಒಪ್ಪುವಂತೆ ಹುಟ್ಟಿದ ಹಳೆಯ ಪ್ರಮಾಣವೇ ಮುಂದೆ ಟ್ರಾಕ್ಟರುಗಳ ಪ್ರಮಾಣವಾಗಿ ನೆಲೆಗೊಂಡಿತು.

ಅಮೆರಿಕದ ಕಥೆ ಒಬ್ಬ ಎರಕದ ಕೆಲಸಗಾರನ ಮನೆಯ ನೆಲಮಾಳಿಗೆಯಲ್ಲಿ ತೊಡಗಿತು. ಅಯೋವಾ ಸಂಸ್ಥಾನದ ಡಬ್ಯೂಕ್ ಎಂಬ ಊರಿನಲ್ಲಿದ್ದ ಫ್ರೆಡ್ ಅರ್ಟ್ಲ್‌ಗೆ ೧೯೪೫ರಲ್ಲಿ ಕೈಯಲ್ಲಿ ಕೆಲಸವಿರಲಿಲ್ಲ. ಮನೆಯ ತುಂಬ ಮಕ್ಕಳು. ಯುದ್ಧ ಮುಗಿದು ಉಳಿದುಹೋದ ವಿಮಾನದ ಪಿಸ್ಟನ್ನುಗಳ ಅಲ್ಯೂಮಿನಿಯಮನ್ನು ಆತನು ಮನೆಯನ್ನು ಬೆಚ್ಚಗಿಡುವ ಒಲೆಯಲ್ಲಿಯೇ ಕರಗಿಸಿ, ಮರಳಿನ ಅಚ್ಚಿನಲ್ಲಿ ಹೊಯ್ದು ಪುಟ್ಟ ಟ್ರಾಕ್ಟರುಗಳನ್ನು ಮಾಡಿದನು. ಮಕ್ಕಳು ಜೋಡಿಸುವ ಕೆಲಸಕ್ಕೆ ಕೈಹಚ್ಚಿದರು. ಯುದ್ಧಕಾಲದ ವಿಮಾನದ ಲೋಹವು ಹೀಗೆ ಮಕ್ಕಳ ಕೈಯ ನೇಗಿಲಿನ ಜೊತೆಗಾರನಾಯಿತು. ವ್ಯಾಪಾರ ಬೆಳೆದು, ೧೯೫೯ರಲ್ಲಿ ಆ ಸಂಸ್ಥೆ ಹತ್ತಿರದ ಡೈಯರ್ಸ್‌ವಿಲ್ ಎಂಬ ಸಣ್ಣ ಊರಿಗೆ ಹೋಯಿತು. ನಾಲ್ಕು ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟ ಜನವಸತಿಯ ಆ ಊರಿನಲ್ಲಿ ಇಂದು ಬೇಸಾಯದ ಆಟಿಕೆಗಳಿಗಾಗಿಯೇ ಒಂದು ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಅದು ತೆರೆದದ್ದು ೧೯೮೬ರಲ್ಲಿ. ಪ್ರತಿವರ್ಷ ನವೆಂಬರ್ ತಿಂಗಳಲ್ಲಿ ಅಲ್ಲಿ ನಡೆಯುವ ಪ್ರದರ್ಶನಕ್ಕೆ ದೂರದೂರದಿಂದ ಜನರು ತಮ್ಮ ಕೈಗೆಲಸವನ್ನು ಹೊತ್ತು ತರುತ್ತಾರೆ. ಕಾಲಚಕ್ರ ತಿರುಗಿ, ಅರ್ಟ್ಲ್‌ನ ಹೆಸರೂ ಬ್ರಿಟನ್ಸ್‌ನ ಬೇಸಾಯದ ಸಾಲೂ ಈಗ ಜಪಾನಿನ ಟೋಮಿ ಎಂಬ ಒಂದೇ ಸಂಸ್ಥೆಯ ಕೈಯಲ್ಲಿವೆ.

ಇಷ್ಟೆಲ್ಲ ಮಾದರಿಗಳು ಅಂಗಡಿಯಲ್ಲಿ ಸಿಕ್ಕುವಾಗ ಅವನ್ನು ಕತ್ತರಿಸುವುದೇಕೆ? ಕಾರಣ ಸರಳವಾದುದು. ಕಾರ್ಖಾನೆಯು ಯಾವುದು ಹೆಚ್ಚು ಮಾರಾಟವಾದೀತೋ ಅದರ ಮಾದರಿಯನ್ನು ಮಾತ್ರ ಮಾಡುತ್ತದೆ. ಒಂದು ಉಕ್ಕಿನ ಅಚ್ಚನ್ನು ಕೊರೆಯಲು ತಗಲುವ ವೆಚ್ಚವು ಸಾವಿರಾರು ಮಾದರಿಗಳು ಮಾರಿಹೋದರಲ್ಲದೆ ಹುಟ್ಟದು. ಹೀಗಾಗಿ ಹೆಸರಾಂತ ಟ್ರಾಕ್ಟರುಗಳು ಮತ್ತೆ ಮತ್ತೆ ಬರುತ್ತವೆ. ಎಲ್ಲೋ ಕೆಲವು ನೂರು ಮಾತ್ರ ತಯಾರಾದ, ಯಾವುದೋ ಸೀಮೆಯ ಜಿಗುಟು ಮಣ್ಣಿಗೆಂದೇ ಹುಟ್ಟಿದ ಟ್ರಾಕ್ಟರಿಗೆ ಸರದಿ ಬಾರದು. ಬಂದರೂ ಎಷ್ಟೋ ಕಾಲದ ಮೇಲೆ. ಅಷ್ಟು ಕಾಯಲಾರದವನು ಗರಗಸವನ್ನು ಕೈಗೆತ್ತಿಕೊಳ್ಳುತ್ತಾನೆ.

ಕೆಲಸದ ಕ್ರಮ ಹೀಗಿದೆ. ಮಾದರಿಯ ಅಡಿಯಲ್ಲಿ ಅದನ್ನು ಬಂಧಿಸಿರುವ ರಿವೆಟ್ಟುಗಳ ತಲೆಯನ್ನು ಬೈರಿಗೆಯಿಂದ ಕೊರೆದು ತೆಗೆದರೆ ಬಾನೆಟ್, ಎಂಜಿನ್ನು, ಗಾಲಿಗಳು ಬೇರೆಬೇರೆಯಾಗುತ್ತವೆ. ಹಳೆಯ ಬಣ್ಣವನ್ನು ಕರಗಿಸಿ ತೊಳೆದು ಲೋಹವನ್ನು ಬತ್ತಲೆ ಮಾಡಬೇಕು. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿದರೆ ರಿವೆಟ್ಟಿನ ಗುರುತುಗಳೂ ಜಾಲರಿಯ ಗೆರೆಗಳೂ ಮುಚ್ಚಿಹೋಗುತ್ತವೆ. ಆಮೇಲೆ ಕತ್ತರಿಸುವುದು, ಅರದಿಂದ ಸವೆಸುವುದು, ಬೇಕಾದ ಹೊಸ ಭಾಗಗಳನ್ನು ತೆಳುವಾದ ಪ್ಲಾಸ್ಟಿಕ್ ಹಾಳೆ, ಹಿತ್ತಾಳೆಯ ಕೊಳವೆ, ತಾಮ್ರದ ತಂತಿ ಇವುಗಳಿಂದ ಕಟ್ಟಿಕೊಳ್ಳುವುದು. ಹೊಗೆಕೊಳವೆಗೆ ಒಂದು ಚೂರು ಕೊಳವೆ. ಎಣ್ಣೆಯ ನಾಳಗಳಿಗೆ ಹಳೆಯ ವಿದ್ಯುತ್ ತಂತಿ. ಸೀಟಿನ ಮೇಲೆ ಮಡಿಸಿ ಹಾಕಿದ ಗೋಣಿಚೀಲಕ್ಕೆ ಅಂಟಿನಲ್ಲಿ ಅದ್ದಿದ ತೆಳುಕಾಗದ. ಇತ್ತೀಚಿನ ವರ್ಷಗಳಲ್ಲಿ ಗಣಕಯಂತ್ರದಲ್ಲಿ ಆಕಾರವನ್ನು ಬರೆದು, ಮುದ್ರಣಯಂತ್ರದಂತಹ ಸಾಧನದಿಂದ ಪದರಪದರವಾಗಿ ಆ ಭಾಗವನ್ನೇ ಬೆಳೆಸಿಕೊಳ್ಳುವ ಅನುಕೂಲವೂ ಬಂದಿದೆ. ಆದರೂ ಕಡೆಯ ನಯ ಬರುವುದು ಕೈಯಿಂದಲೇ.

ಇಲ್ಲಿ ಒಂದೆರಡು ಎಚ್ಚರಿಕೆಗಳನ್ನು ಹೇಳುವುದು ಒಳಿತು. ಬ್ರಿಟನ್ಸ್ ಸಂಸ್ಥೆ ಟೊಳ್ಳು ಸೀಸದ ಎರಕವನ್ನು ನಿಲ್ಲಿಸಿದ್ದು ೧೯೬೬ರಲ್ಲಿ. ಅದಕ್ಕೂ ಹಿಂದಿನ ಆಟಿಕೆಗಳನ್ನು ಸವೆಸುವಾಗ ಏಳುವ ಧೂಳು ವಿಷ. ಮಕ್ಕಳಿರುವ ಮನೆಯಲ್ಲಿ ಅದನ್ನು ಊಟದ ಮೇಜಿನ ಮೇಲೆ ಮಾಡತಕ್ಕದ್ದಲ್ಲ. ಸತುವಿನ ಮಿಶ್ರಲೋಹದ ಕೆಲವು ಹಳೆಯ ಎರಕಗಳಲ್ಲಿ ಬೇರೊಂದು ರೋಗವಿದೆ. ಹೊಯ್ಯುವಾಗ ಲೋಹದಲ್ಲಿ ಸ್ವಲ್ಪ ಸೀಸ ಬೆರೆತುಹೋಗಿದ್ದರೆ, ವರ್ಷಗಳು ಕಳೆದಂತೆ ಅದು ಒಳಗೊಳಗೇ ಬಿರಿದು, ಒಂದು ದಿನ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಅದಕ್ಕೆ ಮದ್ದಿಲ್ಲ. ಲೋಹವೂ ಶಾಶ್ವತವಲ್ಲವೆಂಬ ಪಾಠವನ್ನು ಹವ್ಯಾಸಿಯು ಹೀಗೆ ಕಲಿಯುತ್ತಾನೆ.

ಮಾರ್ಪಾಟೆಂಬುದು ಮೇಜಿನ ಮೇಲೆ ಹುಟ್ಟಿದ ಚಪಲವೇನೂ ಅಲ್ಲ. ಮೇಜಿಗೆ ಬರುವ ಮೊದಲು ಅದು ಹೊಲದಲ್ಲಿ ನಡೆದಿತ್ತು. ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ನೆಲ ಭಾರವಾದ ಜೇಡಿಮಣ್ಣು. ೧೯೫೦ರ ದಶಕದಲ್ಲಿ ಅಲ್ಲಿನ ಜಾರ್ಜ್ ಪ್ರಯರ್ ಎಂಬ ರೈತನಿಗೆ ತನ್ನ ಹೊಲಕ್ಕೆ ಸಾಕಾಗುವಷ್ಟು ಬಲದ ಗಾಲಿಯ ಟ್ರಾಕ್ಟರು ಪೇಟೆಯಲ್ಲಿ ಸಿಕ್ಕಲಿಲ್ಲ. ಆತನು ಎರಡು ಫೋರ್ಡ್‌ಸನ್ ಟ್ರಾಕ್ಟರುಗಳನ್ನು ತೆಗೆದುಕೊಂಡು, ಎರಡರ ಮುಂಗಾಲಿಗಳನ್ನೂ ಕಿತ್ತುಹಾಕಿ, ಒಂದರ ಹಿಂದೆ ಒಂದನ್ನು ತಿರುಗುಮಣೆಯಿಂದ ಜೋಡಿಸಿದನು. ಈಗ ನಾಲ್ಕೂ ದೊಡ್ಡ ಗಾಲಿಗಳೇ, ಎಂಜಿನ್ನುಗಳು ಎರಡು, ಚಾಲಕನೊಬ್ಬ, ಹಿಂದಿನ ಸೀಟಿನಲ್ಲಿ. ತಿರುಗಬೇಕಾದರೆ ಗಾಲಿಗಳು ಓರೆಯಾಗುವುದಿಲ್ಲ. ಇಡೀ ಯಂತ್ರವೇ ಸೊಂಟದಲ್ಲಿ ಬಾಗುತ್ತದೆ. ಆ ಸೀಮೆಯ ಅಲ್ಟಿಂಗ್ ಎಂಬ ಹಳ್ಳಿಯಲ್ಲಿ, ಕಮ್ಮಾರನ ಕುಲುಮೆಯೊಂದರಿಂದ ಬೆಳೆದ ಅರ್ನೆಸ್ಟ್ ಡೋ ಮತ್ತು ಮಕ್ಕಳ ಸಂಸ್ಥೆಯು ಈ ಯುಕ್ತಿಯನ್ನು ಕೈಗೆತ್ತಿಕೊಂಡು, ೧೯೫೮ರಿಂದ ಅಂಥವನ್ನು ಮಾಡಿ ಮಾರಿತು. ಒಟ್ಟು ಮುನ್ನೂರಕ್ಕೆ ಸ್ವಲ್ಪ ಮೇಲ್ಪಟ್ಟು ತಯಾರಾದುವು. ಒಂದೇ ಎಂಜಿನ್ನಿನಲ್ಲಿ ಅಷ್ಟು ಬಲವನ್ನು ಕೊಡುವ ಟ್ರಾಕ್ಟರುಗಳು ಬಂದ ಮೇಲೆ, ೧೯೬೦ರ ದಶಕದಲ್ಲಿಯೇ, ಈ ಜೋಡಿಯ ಕಾಲ ಮುಗಿಯಿತು.

ಹ್ಯಾಂಪ್‌ಷೈರ್ ಸೀಮೆಯ ಫ್ಲೀಟ್ ಊರಿನಲ್ಲಿ ಕೌಂಟಿ ಎಂಬ ಸಂಸ್ಥೆ ಇಂಥದೇ ಕೆಲಸವನ್ನು ಬೇರೆ ಬಗೆಯಲ್ಲಿ ಮಾಡುತ್ತಿತ್ತು. ಬೇರೆಯವರ ಕಾರ್ಖಾನೆಯ ಫೋರ್ಡ್‌ಸನ್ ಟ್ರಾಕ್ಟರನ್ನು ತಂದು, ಮುಂದಿನ ಗಾಲಿಗಳನ್ನೂ ಹಿಂದಿನವುಗಳಷ್ಟೇ ದೊಡ್ಡದಾಗಿಸಿ, ನಾಲ್ಕಕ್ಕೂ ಎಂಜಿನ್ನಿನ ಬಲ ಸಲ್ಲುವಂತೆ ಮಾಡಿ ಮಾರುತ್ತಿತ್ತು. ಅದರ ಟ್ರಾಕ್ಟರೊಂದು, ತೇಲುವಂತೆ ಗಾಳಿಯ ಡಬ್ಬಗಳನ್ನು ಕಟ್ಟಿಸಿಕೊಂಡು, ೧೯೬೩ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನೇ ದಾಟಿತು. ಕೌಂಟಿಯೂ ೧೯೮೩ರಲ್ಲಿ ಸಾಲಗಾರರ ಕೈಗೆ ಹೋಯಿತು. ಎರಡು ಹೊಸ ಮಾದರಿಗಳನ್ನು ಮುಂದಿಟ್ಟುಕೊಂಡು ಡೋ ಜೋಡಿಯನ್ನು ಕಟ್ಟುವ ಹವ್ಯಾಸಿಯು ಪ್ರಯರ್ ಎಂಬ ರೈತನು ಪಟ್ಟ ಪಾಡನ್ನೇ ಪಡುತ್ತಾನೆ. ತಿರುಗುಮಣೆ ಒಂದು ಕೂದಲೆಳೆಯಷ್ಟು ಓರೆಯಾದರೆ ನಾಲ್ಕು ಗಾಲಿಗಳಲ್ಲಿ ಒಂದು ನೆಲ ಮುಟ್ಟುವುದಿಲ್ಲ. ಬಾಗಿಸುವ ಒತ್ತುಕೊಳವೆಗಳನ್ನು ಒಂದು ಹಿತ್ತಾಳೆಯ ಕೊಳವೆಯೊಳಗೆ ಇನ್ನೊಂದು ಜಾರುವಂತೆ ಮಾಡಬೇಕು. ಕೈಯಲ್ಲಿ ತಿರುಗಿಸಿದಾಗ ಆ ಪುಟ್ಟ ಯಂತ್ರ ಸೊಂಟ ಬಾಗಿಸಿ ತಿರುಗಿತೆಂದರೆ, ಆ ರೈತನ ಬುದ್ಧಿ ಹೇಗೆ ಓಡಿತೆಂಬುದು ಪುಸ್ತಕ ಓದಿದವನಿಗಿಂತ ಚೆನ್ನಾಗಿ ಆ ಕೈಗೆ ತಿಳಿಯುತ್ತದೆ.

ಹವ್ಯಾಸಿಗಳ ಬಳಗದಲ್ಲಿ ಒಂದು ಹಳೆಯ ಜಗಳವುಂಟು. ಸಂಗ್ರಾಹಕನ ಮತದಲ್ಲಿ ಮಾದರಿಯೆಂದರೆ ಕಾರ್ಖಾನೆಯಿಂದ ಬಂದಂತೆಯೇ, ರಟ್ಟಿನ ಪೆಟ್ಟಿಗೆಯ ಸಹಿತ, ಒಂದು ಗೀರೂ ಇಲ್ಲದೆ ಇರತಕ್ಕದ್ದು. ಬೆಲೆ ಬರುವುದೂ ಅದಕ್ಕೇ. ಗರಗಸ ಮುಟ್ಟಿದ ಕ್ಷಣವೇ ಆ ಬೆಲೆ ಮಣ್ಣುಪಾಲು. ಮಾರ್ಪಡಿಸುವವನ ಮಾತು ಬೇರೆ. ಹೊಳೆಯುವ ಮೈಯ ಟ್ರಾಕ್ಟರು ಹುಟ್ಟಿದ ದಿನದ ಟ್ರಾಕ್ಟರು ಮಾತ್ರ; ಬಾಳಿದ ಟ್ರಾಕ್ಟರಲ್ಲ ಎಂದು ಅವನು ಹೇಳುತ್ತಾನೆ. ಹೊಲದಲ್ಲಿ ಹತ್ತು ವರ್ಷ ದುಡಿದ ಯಂತ್ರವನ್ನು ನೋಡಿ. ಹತ್ತಿ ಇಳಿಯುವ ಕಡೆ ಬೂಟುಗಾಲಿನ ಉಜ್ಜುವಿಕೆಯಿಂದ ಬಣ್ಣ ಹೋಗಿ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿರುತ್ತದೆ. ಒಂದು ಮಡ್‌ಗಾರ್ಡು ಗೇಟಿಗೆ ತಾಗಿ ಸೊಟ್ಟಗಾಗಿರುತ್ತದೆ. ಮುಂದಿನ ಎರಡು ಟೈರುಗಳು ಎರಡು ಬಗೆಯವು; ಹೊಸದನ್ನು ಒಂದಕ್ಕೆ ಮಾತ್ರ ಹಾಕಿಸುವಷ್ಟು ಹಣ ಆ ವರ್ಷ ಇದ್ದಿತು. ಮಳೆ ನೀರು ಎಂಜಿನ್ನಿಗೆ ಇಳಿಯದಿರಲೆಂದು ಹೊಗೆಕೊಳವೆಯ ಬಾಯಿಗೆ ಒಂದು ತಗಡಿನ ಡಬ್ಬಿ ಬೋರಲು ಬಿದ್ದಿರುತ್ತದೆ. ಆ ಡಬ್ಬಿಯನ್ನು ಯಾವ ಕಾರ್ಖಾನೆಯೂ ಮಾಡಿಕೊಡದು. ಎರಡೂವರೆ ಮಿಲಿಮೀಟರ್ ಅಗಲದ ಆ ಡಬ್ಬಿಯನ್ನು ಹವ್ಯಾಸಿಯು ಒಂದು ಸಂಜೆಯೆಲ್ಲ ಕುಳಿತು ಮಾಡುತ್ತಾನೆ.

ಮಣ್ಣು ಹಚ್ಚುವುದೂ ಒಂದು ವಿದ್ಯೆ. ನಿಜವಾದ ಮಣ್ಣನ್ನು ಹಚ್ಚಿದರೆ ಕೆಟ್ಟಿತು. ಅರ್ಧ ಮಿಲಿಮೀಟರಿನ ಮರಳ ಕಣ ಈ ಪುಟ್ಟ ಲೋಕದಲ್ಲಿ ಹುಣಿಸೆಬೀಜದಷ್ಟು ದೊಡ್ಡ ಹರಳಾಗಿ ಕಾಣುತ್ತದೆ. ಆದುದರಿಂದ ನುಣ್ಣಗೆ ಅರೆದ ಬಣ್ಣದ ಪುಡಿಯನ್ನು ಕುಂಚದಿಂದ ಉದುರಿಸಬೇಕು. ಡೆವನ್ ಸೀಮೆಯ ಟ್ರಾಕ್ಟರಿಗೆ ಅಲ್ಲಿಯ ಕೆಂಪು ಮಣ್ಣಿನ ಬಣ್ಣವೇ ಬೇಕು. ಎಸೆಕ್ಸಿನದಕ್ಕೆ ಜೇಡಿಯ ಬಣ್ಣ. ಗಾಲಿಯ ಹಲ್ಲುಗಳ ಸಂದಿನಲ್ಲಿ ಮಣ್ಣು ನಿಲ್ಲಬೇಕು, ನೆಲವನ್ನು ಉಜ್ಜುವ ತುದಿಗಳಲ್ಲಿ ನಿಲ್ಲಬಾರದು. ಇದನ್ನೆಲ್ಲ ತಿಳಿಯಬೇಕಾದರೆ ಒಮ್ಮೆಯಾದರೂ ನಿಂತು ಟ್ರಾಕ್ಟರನ್ನು ಕಣ್ತುಂಬ ನೋಡಿರಬೇಕು. ಹವ್ಯಾಸವು ಕೈಗಿಂತ ಮೊದಲು ಕಣ್ಣನ್ನು ತಿದ್ದುತ್ತದೆ.

ಈ ಜಗಳದಲ್ಲಿ ಮಾರ್ಪಡಿಸುವವನ ಪಕ್ಷ ಯಾಕೆ ಬಲವಾದದ್ದೆಂಬುದು ೧೯೮೦ರ ದಶಕದ ಅಮೆರಿಕವನ್ನು ನೆನೆದರೆ ತಿಳಿಯುತ್ತದೆ. ಸಾಲದ ಬಡ್ಡಿ ಏರಿತು, ಜಮೀನಿನ ಬೆಲೆ ಕುಸಿಯಿತು. ಅಯೋವಾದಂತಹ ಬೇಸಾಯದ ಸಂಸ್ಥಾನಗಳಲ್ಲಿ ತಲೆಮಾರುಗಳಿಂದ ಉತ್ತು ಬಂದ ಕುಟುಂಬಗಳ ಹೊಲ, ಕೊಟ್ಟಿಗೆ, ಟ್ರಾಕ್ಟರುಗಳು ಹರಾಜಿಗೆ ಬಂದುವು. ನೆರೆಹೊರೆಯವರ ಕಣ್ಣೆದುರಿಗೇ ಹರಾಜಿನವನ ಸುತ್ತಿಗೆ ಬಿತ್ತು. ಟ್ರಾಕ್ಟರು ಮಾಡುತ್ತಿದ್ದ ದೊಡ್ಡ ಮನೆತನಗಳಿಗೂ ಉಳಿಗಾಲವಿಲ್ಲವಾಯಿತು. ಕೆಂಪು ಬಣ್ಣದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯ ಬೇಸಾಯದ ವಿಭಾಗ ೧೯೮೫ರಲ್ಲಿ ಕೈಬದಲಾಯಿಸಿ ಕೇಸ್ ಎಂಬ ಹೆಸರಿನೊಡನೆ ಬೆರೆಯಿತು. ಕಿತ್ತಳೆ ಬಣ್ಣದ ಆಲಿಸ್-ಚಾಮರ್ಸ್ ಟ್ರಾಕ್ಟರುಗಳ ವ್ಯವಹಾರ ಅದೇ ವರ್ಷ ಜರ್ಮನಿಯವರಿಗೆ ಮಾರಾಟವಾಯಿತು. ಇಂಗ್ಲೆಂಡಿನಲ್ಲಿ ಬೂದು ಬಣ್ಣದ ಫರ್ಗುಸನ್‌ಗಳನ್ನು ೧೯೪೬ರಿಂದ ೧೯೫೬ರವರೆಗೆ ಐದು ಲಕ್ಷಕ್ಕೂ ಮಿಕ್ಕು ಮಾಡಿ ಹೊರಕ್ಕೆ ಕಳುಹಿದ ಕೊವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯೂ ೨೦೦೩ರಲ್ಲಿ ಬಾಗಿಲು ಮುಚ್ಚಿತು.

ಹೊಲ ಹೋಯಿತು, ಟ್ರಾಕ್ಟರು ಯಾರದೋ ಪಾಲಾಯಿತು, ಅದನ್ನು ಮಾಡಿದ ಕಾರ್ಖಾನೆಯೂ ಇಲ್ಲ. ಉಳಿದದ್ದು ಪೆಟ್ಟಿಗೆಯ ತಳದಲ್ಲಿ ಒಂದೆರಡು ಮಾಸಿದ ಭಾವಚಿತ್ರಗಳು. ಪಟ್ಟಣಕ್ಕೆ ಬಂದು ಬೇರೆ ಉದ್ಯೋಗ ಹಿಡಿದ ಮಗನು ಆ ಭಾವಚಿತ್ರವನ್ನು ಮುಂದಿಟ್ಟುಕೊಂಡು ಮಾದರಿಯನ್ನು ತಿದ್ದಲು ಕುಳಿತಾಗ ಅವನು ಆಡುತ್ತಿರುವುದು ಆಟವಲ್ಲ. ತಂದೆ ತಾನೇ ಬೆಸುಗೆ ಹಾಕಿ ಕೂರಿಸಿದ ಉಪಕರಣದ ಪೆಟ್ಟಿಗೆ ಯಾವ ಕಡೆಗಿತ್ತು? ಎಡಗಡೆಯ ದೀಪ ಒಡೆದದ್ದು ಯಾವಾಗ? ತಿಳಿಯದಿದ್ದಾಗ ಅವನು ಮುದಿ ತಾಯಿಯನ್ನು ಕೇಳುತ್ತಾನೆ, ಅಣ್ಣನಿಗೆ ಕಾಗದ ಬರೆಯುತ್ತಾನೆ. ಎಷ್ಟೋ ವರ್ಷ ಮಾತಿಲ್ಲದ ಮನೆಗಳಲ್ಲಿ ಆ ಒಂದು ಪ್ರಶ್ನೆಯಿಂದ ಮಾತು ತೊಡಗಬಹುದು. ಹೀಗೆ ಮುಗಿದ ಟ್ರಾಕ್ಟರಿಗೆ ಪೇಟೆಯಲ್ಲಿ ಬೆಲೆ ಕಟ್ಟಲಾಗದು. ಏಕೆಂದರೆ ಅದನ್ನು ಕೊಂಡವನಿಗೆ ಅದು ಸೊಟ್ಟ ಮಡ್‌ಗಾರ್ಡಿನ ಹಳೆಯ ಆಟಿಕೆ, ಮಾಡಿದವನಿಗೆ ತಂದೆಯ ದುಡಿಮೆ. ಆರಂಭದಲ್ಲಿ ಹೇಳಿದ ಋಣಸಂದಾಯ ಇದೇ.

ಅಂಗೈಯಗಲದ ಈ ಟ್ರಾಕ್ಟರುಗಳಿಗೂ ಕನ್ನಡನಾಡಿಗೂ ಏನು ನಂಟು ಎಂದು ಓದುಗರು ಕೇಳಬಹುದು. ನಂಟು ಇಲ್ಲದಿಲ್ಲ. ಹ್ಯಾರಿ ಫರ್ಗುಸನ್ ತನ್ನ ಟ್ರಾಕ್ಟರಿನಲ್ಲಿ ನೇಗಿಲನ್ನು ಹಿಂದೆ ಸರಪಳಿಯಿಂದ ಎಳೆಯುವುದರ ಬದಲು ಮೂರು ಕೊಂಡಿಗಳಿಂದ ಬಿಗಿದು, ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ಏರ್ಪಾಟನ್ನು ಮಾಡಿದನು. ನೇಗಿಲು ಕಲ್ಲಿಗೆ ಸಿಕ್ಕಿದಾಗ ಹಿಂದಿನ ಟ್ರಾಕ್ಟರುಗಳು ಕುದುರೆಯಂತೆ ಮುಂಗಾಲೆತ್ತಿ ಚಾಲಕನ ಮೇಲೆಯೇ ಮಗುಚಿ ಬೀಳುವ ಅಪಾಯವಿತ್ತು; ಈ ಏರ್ಪಾಟಿನಿಂದ ಆ ಅಪಾಯ ಬಹಳಮಟ್ಟಿಗೆ ತಗ್ಗಿತು. ಇಂದು ಮಂಡ್ಯದ ಕಬ್ಬಿನ ಗದ್ದೆಯಲ್ಲಿರಲಿ, ಧಾರವಾಡದ ಎರೆಯ ಹೊಲದಲ್ಲಿರಲಿ, ಟ್ರಾಕ್ಟರಿನ ಬೆನ್ನ ಹಿಂದೆ ಕಾಣುವ ಮೂರು ಕೊಂಡಿಗಳು ಅವೇ. ಫರ್ಗುಸನ್ನನ ಸಂಸ್ಥೆ ೧೯೫೩ರಲ್ಲಿ ಮ್ಯಾಸಿ-ಹ್ಯಾರಿಸ್ ಜೊತೆಗೆ ಕೂಡಿತು. ೧೯೬೦ರಲ್ಲಿ ಮದರಾಸಿನಲ್ಲಿ ಹುಟ್ಟಿದ ಟಾಫೆ ಸಂಸ್ಥೆ ಮ್ಯಾಸಿ ಫರ್ಗುಸನ್ ಟ್ರಾಕ್ಟರುಗಳನ್ನು ಭಾರತದಲ್ಲಿ ಮಾಡತೊಡಗಿತು. ದೊಡ್ಡಬಳ್ಳಾಪುರದಲ್ಲಿಯೂ ಅದಕ್ಕೊಂದು ಕಾರ್ಖಾನೆಯಿದೆ. ದಕ್ಷಿಣ ಧ್ರುವಕ್ಕೆ ಹೋದ ಯಂತ್ರದ ವಂಶದವರು ಕನ್ನಡನಾಡಿನ ಮಣ್ಣನ್ನೂ ಉತ್ತಿದ್ದಾರೆ.

ಇಲ್ಲಿಯೂ ಅವು ಕಾರ್ಖಾನೆಯ ರೂಪದಲ್ಲಿಯೇ ಉಳಿದಿಲ್ಲ. ಭತ್ತದ ಗದ್ದೆಯ ಕೆಸರಿಗೆ ಇಳಿಯುವಾಗ ಗಾಲಿಗೆ ಕಬ್ಬಿಣದ ಪಂಜರವನ್ನು ತೊಡಿಸುತ್ತಾರೆ. ಬಿಸಿಲಿಗೆ ಮೇಲೊಂದು ಚಪ್ಪರವನ್ನು ಊರಿನ ಬೆಸುಗೆಯವನೇ ಮಾಡಿಕೊಡುತ್ತಾನೆ. ಬಾನೆಟ್ಟಿನ ಮೇಲೆ ಮನೆದೇವರ ಹೆಸರು, ಮಗಳ ಹೆಸರು. ಹಬ್ಬದ ದಿನ ಕೊರಳಿಗೆ ಹೂವಿನ ಹಾರ. ಇವನ್ನೆಲ್ಲ ಯಾವ ದೇಶದ ಆಟಿಕೆಯ ಕಾರ್ಖಾನೆ ಮಾಡಿಕೊಟ್ಟೀತು? ಮಾಡಬೇಕಾದವರು ಇಲ್ಲಿಯ ಮನೆಗಳ ಹುಡುಗ ಹುಡುಗಿಯರೇ. ಅದಕ್ಕೆ ಬೇಕಾದ ಸಂಸ್ಕಾರವೂ ಈ ನಾಡಿಗೆ ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಉತ್ತರ ಕರ್ನಾಟಕದ ಮನೆಗಳಲ್ಲಿ ಕೆರೆಯ ಮಣ್ಣನ್ನು ತಂದು ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಜೋಳದ ದಂಟಿನ ಬೆಂಡಿನಿಂದ ಬಂಡಿ ಕಟ್ಟಿ ಆಡದ ಹಳ್ಳಿಯ ಬಾಲ್ಯವಿರಲಿಲ್ಲ. ತನಗಾಗಿ ದುಡಿದುದನ್ನು ಚಿಕ್ಕದಾಗಿ ಮಾಡಿ ಕಣ್ಣ ಮುಂದೆ ಇಟ್ಟುಕೊಳ್ಳುವುದು ಕೃತಜ್ಞತೆಯ ಒಂದು ರೀತಿ. ಎತ್ತಿಗೆ ಸಂದ ಆ ಗೌರವ ಟ್ರಾಕ್ಟರಿಗೂ ಸಲ್ಲುವುದು ತಪ್ಪಲ್ಲ.

ಬೇಕಾಗುವುದು ದೊಡ್ಡ ಹಣವೇನೂ ಅಲ್ಲ. ಅಂಗಡಿಯ ಬೆಲೆಬಾಳುವ ಮಾದರಿ ಕೈಗೆಟುಕದಿದ್ದರೆ ರಟ್ಟು, ತಗಡು, ಬಳಸಿ ಬಿಟ್ಟ ಪೆನ್ನಿನ ಕೊಳವೆ, ತಂತಿ ಇವಿಷ್ಟು ಸಾಕು. ಮೊದಲ ಕೆಲಸ ಅರವನ್ನು ಹಿಡಿಯುವುದಲ್ಲ. ಅಳತೆಪಟ್ಟಿಯನ್ನು ಹಿಡಿದು ಊರಿಗೆ ಹೋಗುವುದು. ಬೇಸಗೆಯ ರಜೆಯಲ್ಲಿ ಅಜ್ಜನ ಮನೆಗೆ ಹೋದ ಮಕ್ಕಳು ಕೊಟ್ಟಿಗೆಯಲ್ಲಿ ನಿಂತಿರುವ ಹಳೆಯ ಟ್ರಾಕ್ಟರಿನ ಉದ್ದ, ಎತ್ತರ, ಗಾಲಿಯ ಸುತ್ತಳತೆಗಳನ್ನು ಬರೆದುಕೊಳ್ಳಲಿ. ಸೀಟನ್ನು ಯಾವ ವರ್ಷ ಬದಲಾಯಿಸಿದರು, ಆ ಚಪ್ಪರವನ್ನು ಕಟ್ಟಿದವರು ಯಾರು, ಸಾಲ ತೀರಿದ್ದು ಎಂದು ಎಂಬುದನ್ನು ಅಜ್ಜನಿಂದಲೇ ಕೇಳಿ ತಿಳಿಯಲಿ. ಅಳತೆಗಳನ್ನು ಮೂವತ್ತೆರಡರಿಂದ ಭಾಗಿಸುವ ಲೆಕ್ಕವನ್ನು ಮನೆಗೆ ಬಂದ ಮೇಲೆ ಯಾವಾಗ ಬೇಕಾದರೂ ಮಾಡಬಹುದು. ಅಜ್ಜನನ್ನು ಕೇಳುವ ಕೆಲಸವನ್ನು ಮಾತ್ರ ಮುಂದಕ್ಕೆ ಹಾಕತಕ್ಕದ್ದಲ್ಲ.